ಉಸುರಿನಾಗೂ ತಪ್ಪೇನ್ರಿ?

ರಾಯಚೂರಿನಲ್ಲಿ ಆಪ್ತಸಲಹೆ ನೀಡುವ ನನ್ನ ಬಳಿಗೆ ಮುಟ್ಟು ನಿಲ್ಲುವ ವಯಸ್ಸಿನ ಮಹಿಳೆಯರು ಹೆಚ್ಚಾಗಿ ಬರುವುದು ಬೇಸಿಗೆಯಲ್ಲಿ. ಹೊರಗಿನ ಝಳ ಯಾವುದು, ಒಳಗಿನಿಂದ ಏಳುವ ಉರಿ ಯಾವುದು ಎಂದು ತಿಳಿಯದೆ ತಿಂಗಳುಗಟ್ಟಲೆ ಸುಮ್ಮನಿದ್ದು, ನಿದ್ದೆಗೆಟ್ಟ ಮೇಲೆ ಬರುತ್ತಾರೆ. ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತಿರುವ 49 ವರ್ಷದ ಈ ತಾಯಿ ಶಾಲೆಯ ಬಿಸಿಯೂಟದ ಅಡುಗೆಯವರು.

ಮೊದಲ ಭೇಟಿಯಲ್ಲಿ ನಿಧಾನ ಉಸಿರಾಟ ಕಲಿಸಿದೆ: ಹೊಟ್ಟೆ ಉಬ್ಬುವಂತೆ ಮೂಗಿನಿಂದ ಎಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಿಡುವುದು, ನಿಮಿಷಕ್ಕೆ 6ರಿಂದ 8 ಉಸಿರು, ದಿನಕ್ಕೆರಡು ಸಲ 15 ನಿಮಿಷ. ಇದರಿಂದ ಉರಿ ಇಳಿಯುತ್ತದೆ ಎಂದೂ ಹೇಳಿಬಿಟ್ಟೆ.

ಮೂರು ವಾರದ ನಂತರ ಬಂದವರು ಬಹಳ ಹೊತ್ತು ಸೆರಗಿನ ಅಂಚನ್ನು ಮಡಚುತ್ತ ಕುಳಿತಿದ್ದರು. ನಸುಕಿನ ನಾಲ್ಕಕ್ಕೆ ಎದ್ದು ಹಿತ್ತಲಲ್ಲಿ ಕುಳಿತು ಎಣಿಸಿದರೂ ಉರಿ ಬಂದೇ ಬರುತ್ತಿತ್ತಂತೆ. ಸಾಲದೆಂದು ಇನ್ನೂ ಜೋರಾಗಿ ಎಳೆದಾಗ ತಲೆ ಸುತ್ತಿ ಬೆರಳು ಜುಮ್ಮೆಂದವಂತೆ. ಆಮೇಲೆ ಕೇಳಿದರು: "ಮ್ಯಾಡಮ್ಮಾರೆ, ಉಸುರು ತಗೊಳ್ಳಾದ್ರಾಗೂ ನಾ ತಪ್ಪು ಮಾಡಾಕತ್ತೀನೇನ್ರಿ?"

ಸಾರಿಗೆ ಉಪ್ಪು ಹೆಚ್ಚಾದರೂ, ಮಗನ ಅಂಕ ಕಡಿಮೆಯಾದರೂ ತನ್ನದೇ ತಪ್ಪೆಂದು ಕೇಳಿಸಿಕೊಂಡು ಬಂದವರಿಗೆ ನಾನು ಇನ್ನೊಂದು ಸೋಲನ್ನು ಮನೆಪಾಠವಾಗಿ ಕೊಟ್ಟಿದ್ದೆ. ತಪ್ಪು ನಿಮ್ಮದಲ್ಲ, ಭರವಸೆ ಕೊಟ್ಟವಳದು ಎಂದು ಅಂದೇ ಹೇಳಿದೆ. ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನ್ ಕುಸಿದಾಗ ಮಿದುಳು ಸಹಿಸುವ ಉಷ್ಣದ ಅಂತರವೇ ಕಿರಿದಾಗುತ್ತದೆ. ಒಲೆಯ ಮುಂದಿನ ಅಷ್ಟಿಷ್ಟು ಕಾವಿಗೂ ದೇಹ ಬೆವರು ಹರಿಸಿಬಿಡುತ್ತದೆ. 1990ರ ದಶಕದ ಸಣ್ಣ ಅಧ್ಯಯನಗಳು ಉಸಿರಾಟದಿಂದ ಉರಿ ತಗ್ಗುತ್ತದೆಂದು ಆಸೆ ಹುಟ್ಟಿಸಿದರೂ ಮುಂದಿನ ದೊಡ್ಡ ಪರೀಕ್ಷೆಗಳು ಅದನ್ನು ಎತ್ತಿಹಿಡಿಯಲಿಲ್ಲ. 2023ರಲ್ಲಿ ಉತ್ತರ ಅಮೆರಿಕದ ಮೆನೋಪಾಸ್ (ಮುಟ್ಟು ನಿಲ್ಲುವಿಕೆ) ಸೊಸೈಟಿ ಎಂಬ ತಜ್ಞರ ಸಂಘ ಉರಿಗೆ ಶಿಫಾರಸು ಮಾಡಿದ್ದು ಯೋಚನೆ, ನಡವಳಿಕೆಗಳನ್ನು ತಿದ್ದಿಕೊಳ್ಳಲು ಕಲಿಸುವ ಅರಿವಿನ ವರ್ತನಾ ಚಿಕಿತ್ಸೆಯಂಥವನ್ನು, ಉಸಿರಾಟವನ್ನಲ್ಲ.

ಹಾಗಾದರೆ ಇನ್ನೂ ಏಕೆ ಕಲಿಸುತ್ತೀರಿ ಎಂದು ಸಹೋದ್ಯೋಗಿಯೊಬ್ಬರು ಕೆಣಕಿದರು. ಉರಿಯ ಹಿಂದೆಯೇ ಬರುವ ಗಾಬರಿಗೆ, ಬಡಿದುಕೊಳ್ಳುವ ಎದೆಗೆ, ನಡುರಾತ್ರಿಯ ಎಚ್ಚರಕ್ಕೆ ಅದು ಒದಗುವುದನ್ನು ನಾನು ಕಂಡಿದ್ದೇನೆ, ಅದಕ್ಕೆ ಹಣವೂ ಬೇಕಿಲ್ಲ. ಆದ್ದರಿಂದ ಆ ತಾಯಿಗೆ ಹೊಸದಾಗಿ ಹೇಳಿದ್ದು ಇಷ್ಟು: ಜೋರು ಬೇಡ, ತಲೆ ಸುತ್ತಿದರೆ ನಿಲ್ಲಿಸಿ, ಐದು ನಿಮಿಷ ಸಾಕು, ಎಣಿಕೆ ತಪ್ಪಿದರೂ ನಡೆಯುತ್ತದೆ. ಅಡುಗೆಕೋಣೆಯಲ್ಲಿ ತೆಳು ನೂಲಿನ ಸೀರೆ, ಕೈಗೆಟಕುವಲ್ಲಿ ತಣ್ಣೀರು, ಸಂಜೆಯ ಚಹಾಕ್ಕೆ ಕತ್ತರಿ.

ಜೊತೆಗೆ ಸ್ತ್ರೀರೋಗ ತಜ್ಞರಿಗೆ ಚೀಟಿ ಬರೆದುಕೊಟ್ಟೆ. ಥೈರಾಯಿಡ್ ಕೆಟ್ಟರೂ ಇದೇ ಬೆವರು, ಇದೇ ಎದೆಬಡಿತ. ಹಾರ್ಮೋನ್ ಔಷಧ ಯಾರಿಗೆ ಸಲ್ಲುತ್ತದೆಂದು ನಿರ್ಧರಿಸಬೇಕಾದವರೂ ಅವರೇ. ಚೀಟಿ ಮಡಚಿಕೊಳ್ಳುತ್ತ ಆ ತಾಯಿ, 12 ತಿಂಗಳು ನಿಂತ ಮುಟ್ಟು ಮತ್ತೆ ಕಂಡರೆ ಸಂತೋಷಪಡಬೇಕಲ್ಲವೇ ಎಂದರು. ಹನಿ ಕಂಡರೂ ಅಂದೇ ವೈದ್ಯರಲ್ಲಿಗೆ ಹೋಗಬೇಕೆಂದು ಹೇಳಿ, ಅದನ್ನೇ ಅವರ ಬಾಯಲ್ಲಿ ಇನ್ನೊಮ್ಮೆ ಹೇಳಿಸಿಕೊಂಡೆ.