ಸಂಪಾದಕರ ಉತ್ತರ: ಗುರುತಿಲ್ಲದ ಪೀಪಾಯಿ

(ಕಳೆದ ಸಂಚಿಕೆಯಲ್ಲಿ ಅಚ್ಚಾದ ಲಂಡನ್ನಿನ ಮಧ್ಯಯುಗದ ಪೀಪಾಯಿಗಾರರ ಸಂಘದ ಲೇಖನ ಓದಿ ದಾವಣಗೆರೆಯಿಂದ ಬಂದ ಪತ್ರದ ಸಾರ: “ಮರದ ಡ್ರಮ್ಮು ಮಾಡುವವರಿಗೆ ಆರು ಪುಟ ಯಾಕೆ ಸ್ವಾಮಿ? ಈ ಸಂಘಗಳು ಬೆಲೆ ಏರಿಸಲು, ಹೊರಗಿನವರನ್ನು ಒಳಗೆ ಬಿಡದಿರಲು ಹುಟ್ಟಿದ ಕೂಟಗಳು. ಕಾರ್ಖಾನೆ ಬಂದು ಅವು ಸತ್ತದ್ದೇ ಒಳ್ಳೆಯದಾಯಿತು. ಬರೆಯಲೇಬೇಕಿದ್ದರೆ ನಮ್ಮ ಅಯ್ಯಾವೊಳೆಯ ಐನೂರ್ವರ ಬಗ್ಗೆ ಬರೆಯಿರಿ.”)

ಮಾನ್ಯರೇ,

ನಿಮ್ಮ ಉದ್ದನೆಯ ಪತ್ರವನ್ನು ಕತ್ತರಿಸಿ ಮೇಲಿನಷ್ಟಕ್ಕೆ ಇಳಿಸಿದ್ದೇನೆ. ಬೈಗುಳಗಳಲ್ಲಿ ಚೆನ್ನಾಗಿದ್ದವನ್ನು ಉಳಿಸಿಕೊಂಡಿದ್ದೇನೆ. ಇಷ್ಟು ಸಿಟ್ಟಿನಿಂದ ಓದುವವರು ಸಿಗುವುದು ಪತ್ರಿಕೆಯ ಪುಣ್ಯ.

ಮೊದಲು ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಹೊರಗಿನವರನ್ನು ದೂರ ಇಟ್ಟರು ಎಂಬುದು ನಿಜ. 1523ರ ಇಂಗ್ಲೆಂಡಿನ ಕಾಯಿದೆ ಪ್ರಕಾರ ಪರದೇಶದಿಂದ ಬಂದ ಕಸುಬುದಾರ ತನ್ನ ದೇಶದ ಹುಡುಗರನ್ನು ಶಿಷ್ಯರನ್ನಾಗಿ ಇಟ್ಟುಕೊಳ್ಳುವಂತಿರಲಿಲ್ಲ. ಏಳು ವರ್ಷದ ಶಿಷ್ಯವೃತ್ತಿ ಬರೀ ಕಾಲಹರಣ ಎಂದು ಅರ್ಥಶಾಸ್ತ್ರಜ್ಞ ಆ್ಯಡಂ ಸ್ಮಿತ್ 1776ರಲ್ಲೇ ಬರೆದಾಗಿದೆ. ಸಾಕಲ್ಲ? ನಿಮ್ಮ ಪಕ್ಷದಲ್ಲಿ ವಾದಿಸುವವರಿಗೆ ಅಂದಿನಿಂದ ಇಂದಿನವರೆಗೆ ಬರವಿಲ್ಲ. ಆಚೆ ಕಡೆ ಜನ ಕಡಿಮೆ, ಹಾಗಾಗಿ ನಾನು ಅಲ್ಲಿ ಹೋಗಿ ನಿಲ್ಲುತ್ತೇನೆ.

ಮರದ ಡ್ರಮ್ಮು ಎಂದಿರಿ. ಒಂದು ಪೀಪಾಯಿ ಕಟ್ಟುವುದೆಂದರೆ ಏನೆಂದು ಸ್ವಲ್ಪ ಕೇಳಿ. ಓಕ್ ಮರದ ದಿಮ್ಮಿಯನ್ನು ಗರಗಸದಲ್ಲಿ ಕೊಯ್ಯುವಂತಿಲ್ಲ, ತಿರುಳಿನಿಂದ ಹೊರಕ್ಕೆ ಹರಡುವ ಕಿರಣಗೆರೆಗಳ ಗುಂಟ ಸೀಳಬೇಕು. ಅಡ್ಡಾದಿಡ್ಡಿ ಕೊಯ್ದ ಹಲಗೆ ಒಸರುತ್ತದೆ. ಒಂದೊಂದು ಹಲಗೆಯೂ ನಡುವೆ ಅಗಲ, ತುದಿಗಳಲ್ಲಿ ಕಿರಿದು. ಅಂಚು ಇಷ್ಟೇ ಓರೆ ಇರಬೇಕು. ಈ ಓರೆಯನ್ನು ಬಾಚಿ, ಕೀಸುಳಿ ಹಿಡಿದವನು ಕಣ್ಣಳತೆಯಲ್ಲೇ ತೆಗೆಯುತ್ತಿದ್ದ. ಆಮೇಲೆ ಹಲಗೆಗಳನ್ನು ಸುತ್ತ ನಿಲ್ಲಿಸಿ, ನಡುವೆ ಬೆಂಕಿಯ ಬುಟ್ಟಿ ಇಟ್ಟು, ಬಿಸಿಗೆ ಬಾಗಿಸಿ, ಬಳೆ ಬಡಿದು ಬಿಗಿಯುವುದು. ಮಧ್ಯಯುಗದಲ್ಲಿ ಆ ಬಳೆಗಳೂ ಹೆಚ್ಚಾಗಿ ಮರದ ಸೀಳುಕೋಲಿನವು. ಹಲಗೆಗೆ ಹಲಗೆ ಕೂಡಿಸಲು ಮೊಳೆಯಿಲ್ಲ, ಅಂಟಿಲ್ಲ. ಅಂಥ ಪಾತ್ರೆ ನೂರಾರು ಲೀಟರು ಮದ್ಯ ಹೊತ್ತು, ಉರುಳಿಸಿಕೊಂಡು, ಹಡಗು ಹತ್ತಿ, ಹನಿ ಸೋರದೆ ಇಳಿಯಬೇಕು. ಇದನ್ನು ಕಲಿಯಲು ಏಳು ವರ್ಷ ಬೇಕೇ ಎಂದು ಕೇಳಿದ ಸ್ಮಿತ್ ಎಂದಾದರೂ ಬಾಚಿ ಹಿಡಿದಿದ್ದರೋ ಇಲ್ಲವೋ!

ಸೋರಿದರೆ ಏನಾಗುತ್ತದೆ ಎಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿಯಿದೆ. 1587ರಲ್ಲಿ ಇಂಗ್ಲೆಂಡಿನ ನೌಕಾನಾಯಕ ಫ್ರಾನ್ಸಿಸ್ ಡ್ರೇಕ್ ಸ್ಪೇನಿನ ಕಾಡಿಸ್ ಬಂದರಿನ ಮೇಲೆ ದಾಳಿ ಮಾಡಿದ್ದು ಎಲ್ಲರಿಗೂ ಗೊತ್ತು. ಅದಾದ ಮೇಲೆ ಪೋರ್ಚುಗಲ್ಲಿನ ಕರಾವಳಿಯಲ್ಲಿ ಅವನು ಹಿಡಿದು ಸುಟ್ಟ ಸರಕಿನ ಬಗ್ಗೆ ಅಷ್ಟಾಗಿ ಯಾರೂ ಮಾತಾಡುವುದಿಲ್ಲ. ಅದರಲ್ಲಿ ಪೀಪಾಯಿಯ ಒಣ ಹಲಗೆ ಮತ್ತು ಬಳೆ ರಾಶಿರಾಶಿ ಇತ್ತು. ತೂಕ 1600ರಿಂದ 1700 ಟನ್ ಎಂದು ಅವನೇ ವರದಿ ಮಾಡಿದ. ಆ ಒಣ ಹಲಗೆ ಇಲ್ಲದೆ ಮರುವರ್ಷ ಸ್ಪೇನಿನ ಮಹಾನೌಕಾಪಡೆ ಹಸಿ ಮರದ ಪೀಪಾಯಿಗಳಲ್ಲಿ ನೀರು, ಆಹಾರ ತುಂಬಿಕೊಂಡು ಇಂಗ್ಲೆಂಡಿನ ಮೇಲೆ ಹೊರಟಿತು. ನೀರು ಸೋರಿತು, ಉಳಿದದ್ದು ನಾತ ಬಂತು, ತಿನಿಸು ಕೊಳೆಯಿತು. ಕಾದಾಟದ ಕಥೆಗಳಲ್ಲಿ ಫಿರಂಗಿಗೇ ಮೊದಲ ಮಣೆ, ಬಡಗಿಗೆ ಕೊನೆಯ ಸಾಲಿನಲ್ಲೂ ಜಾಗವಿಲ್ಲ. ನಮ್ಮ ಶಾಲೆಯ ಇತಿಹಾಸ ಪುಸ್ತಕಗಳೂ ಇದಕ್ಕೆ ಹೊರತಲ್ಲ, ಇರಲಿ.

ಈಗ ಸಂಘದ ವಿಷಯ. ಲಂಡನ್ನಿನ ಪೀಪಾಯಿಗಾರರಿಗೆ ಏಳನೇ ಹೆನ್ರಿಯ ಸನ್ನದು ಸಿಕ್ಕಿದ್ದು 1501ರಲ್ಲಿ, ಆದರೆ ಒಗ್ಗಟ್ಟು ಅದಕ್ಕಿಂತ ಹಳೆಯದು. ನನ್ನ ಮಟ್ಟಿಗೆ ಸನ್ನದಿಗಿಂತ ದೊಡ್ಡ ತಾರೀಖು 1420. ಆ ವರ್ಷ ಪ್ರತಿಯೊಬ್ಬ ಪೀಪಾಯಿಗಾರನೂ ತನ್ನದೇ ಗುರುತನ್ನು ನಗರಾಡಳಿತದ ಭವನವಾದ ಗಿಲ್ಡ್‌ಹಾಲ್‌ನಲ್ಲಿ ನೋಂದಾಯಿಸಬೇಕೆಂದು ನಿಯಮವಾಯಿತು. ಪೀಪಾಯಿ ಸೋರಿತೋ, ಅಳತೆ ಕಡಿಮೆ ಬಂತೋ, ಕೊಂಡವನು ಆ ಗುರುತು ತೋರಿಸಿ “ಇದು ಇಂಥವನದು” ಎನ್ನಬಹುದು. ಬೆಲೆ ಏರಿಸಲು ಮಾತ್ರ ಸೇರಿದ ಕೂಟಕ್ಕೆ ಇಂಥ ಉಪದ್ವ್ಯಾಪ ಯಾಕೆ ಬೇಕಿತ್ತು, ಹೇಳಿ?

1531ರ ಕಾಯಿದೆ ಇನ್ನೂ ರುಚಿಕರ. ಬಿಯರಿನ ಪೀಪಾಯಿ 36 ಗ್ಯಾಲನ್, ಹಾಪ್ಸ್ ಎಂಬ ಕಹಿ ಹೂ ಹಾಕದ ಹಳೆಯ ಬಗೆಯ ಮದ್ಯವಾದ ಏಲಿನದು 32 ಗ್ಯಾಲನ್ ಎಂದು ಗೊತ್ತು ಮಾಡಿ, ಮದ್ಯ ಕಾಯಿಸುವವನು ಪೀಪಾಯಿ ಮಾಡುವ ಕಸುಬಿಗೆ ಕೈಹಾಕಕೂಡದು ಎಂದಿತು. ಕಾರಣ ಸರಳ. ತುಂಬಿ ಮಾರುವವನೇ ಪಾತ್ರೆಯನ್ನೂ ಮಾಡಿದರೆ ಪಾತ್ರೆ ವರ್ಷವರ್ಷಕ್ಕೆ ಕಿರಿದಾಗುತ್ತದೆ, ಮುಚ್ಚಿದ ಪೀಪಾಯಿಯೊಳಗೆ ಇಣುಕಿ ನೋಡುವವರು ಯಾರು? ಅಳತೆ ಪರೀಕ್ಷಿಸಿ ಮುದ್ರೆ ಹಾಕುವ ಅಧಿಕಾರ ಸಂಘದ ಮೇಲ್ವಿಚಾರಕರಿಗೆ ಬಂತು. ಇವತ್ತು ಬಿಸ್ಕತ್ತಿನ ಪೊಟ್ಟಣ ಅದೇ ಬೆಲೆಗೆ ಸದ್ದಿಲ್ಲದೆ ಹಗುರಾಗುವುದನ್ನು ನೀವೂ ಕಂಡಿದ್ದೀರಿ. ತಯಾರಿಸುವವರೂ ಅವರೇ, ಪೊಟ್ಟಣ ಕಟ್ಟುವವರೂ ಅವರೇ.

ಪುಣ್ಯವಂತರ ಸಂಘ ಎಂದು ನಾನೇನೂ ಹೇಳುತ್ತಿಲ್ಲ. ಅಳತೆಗೆ ಹೆಸರಾದ ಇವರ ಸಂಘಭವನ ಕೂಪರ್ಸ್ ಹಾಲ್ ಮುಂದೆ ಸರ್ಕಾರಿ ಲಾಟರಿ ಎತ್ತುವ ಜಾಗವಾಯಿತು, 1826ರಲ್ಲಿ ಆ ಕಾಲದ ಲಾಟರಿಯ ಕೊನೆಯ ಡ್ರಾ ನಡೆದದ್ದೂ ಅಲ್ಲೇ. ನಗು ಬರುತ್ತದೆ. ಆದರೆ ನಿಕೊಲಸ್ ಗಿಬ್ಸನ್ ಎಂಬ ದಿನಸಿ ವ್ಯಾಪಾರಿ 1536ರಲ್ಲಿ ಲಂಡನ್ನಿನ ಪಕ್ಕದ ರ‍್ಯಾಟ್‌ಕ್ಲಿಫ್‌ನಲ್ಲಿ ತೆರೆದ ಶಾಲೆಯನ್ನು ಅವನ ಹೆಂಡತಿ ಏವಿಸ್ 1552ರಲ್ಲಿ ಒಪ್ಪಿಸಿದ್ದು ಇದೇ ಪೀಪಾಯಿಗಾರರ ಕೈಗೆ. ಆ ಶಾಲೆಯ ಪರಂಪರೆ ಅವರ ಹೆಸರಿನಲ್ಲೇ ಇಂದಿಗೂ ನಡೆಯುತ್ತಿದೆ. ಸತ್ತದ್ದು ಒಳ್ಳೆಯದಾಯಿತು ಎಂದಿರಿ. ಪೂರ್ತಿ ಸತ್ತಿಲ್ಲ, ಕ್ಷಮಿಸಿ.

ಅಯ್ಯಾವೊಳೆಯ ಐನೂರ್ವರ ಬಗ್ಗೆ ಖಂಡಿತ ಬರೆಸುತ್ತೇನೆ. ಆದರೆ ಅವರು ಮುಖ್ಯವಾಗಿ ವ್ಯಾಪಾರಿಗಳು, ಸರಕು ಸಾಗಿಸುವವರು. ಹೋಲಿಸಬೇಕಾದ್ದು ನಮ್ಮ ಶಾಸನಗಳಲ್ಲಿ ದಾನ ಕೊಟ್ಟು ಹೆಸರು ಕೆತ್ತಿಸಿದ ಗಾಣದ ತೆಲ್ಲಿಗರ ಒಕ್ಕಲುಗಳನ್ನು. ಕಸುಬಿನವರು ಸಿಕ್ಕಾಗ ವ್ಯಾಪಾರಿಗಳ ಕಡೆ ಓಡುವುದು ನಮ್ಮ ಓದುಗರ ಹಳೆಯ ಚಾಳಿ.

ಇನ್ನೊಂದು ಮಾತು. ಪತ್ರದ ಕೊನೆಗೆ “ಹೆಸರು ಪ್ರಕಟಿಸಬೇಡಿ” ಎಂದಿದ್ದೀರಿ. ಪ್ರಕಟಿಸಿಲ್ಲ. ಆದರೆ ನೋಡಿ, ಲಂಡನ್ನಿನ ಬ್ಲೂಮ್‌ಬರ್ಗ್ ಕಟ್ಟಡದ ಅಡಿಪಾಯ ಅಗೆದಾಗ ರೋಮನ್ನರ ಕಾಲದ 400ಕ್ಕೂ ಹೆಚ್ಚು ಬರಹದ ಹಲಗೆಗಳು ಸಿಕ್ಕವು. ಹೆಚ್ಚಿನವು ಹಳೆಯ ಪೀಪಾಯಿಗಳನ್ನು ಬಿಚ್ಚಿ ಮಾಡಿದವು. ಅವುಗಳಲ್ಲೊಂದರ ಮೇಲೆ ವಿಳಾಸವಿದೆ: ಜೂನಿಯಸ್ ಎಂಬ ಪೀಪಾಯಿಗಾರನಿಗೆ, ಕ್ಯಾಟುಲಸ್‌ನ ಮನೆಯ ಎದುರು. ಸುಮಾರು ಎರಡು ಸಾವಿರ ವರ್ಷದ ನಂತರವೂ ಅವನ ಹೆಸರು, ಕಸುಬು, ಮನೆಯ ಗುರುತು ಮೂರೂ ನಮಗೆ ಗೊತ್ತು. ನಮ್ಮ ಕಚೇರಿ ಇರುವ ಬೀದಿಯ ಚರಂಡಿಗೆ ಮಳೆಗಾಲಕ್ಕೆ ಮುಂಚೆ ಹಾಕಿದ ಕಾಂಕ್ರೀಟು ಮುಚ್ಚಳಗಳು ಮಳೆಗಾಲ ಮುಗಿಯುವ ಮೊದಲೇ ಮುರಿದವು. ಎರಕ ಹೊಯ್ದವರು ಯಾರೆಂದು ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಉದ್ಘಾಟನೆ ಮಾಡಿದವರ ಹೆಸರಿಗೆ ಮಾತ್ರ ಗ್ರಾನೈಟ್ ಕಲ್ಲು ಉಂಟು.

ಪುಸ್ತಕಗಳದ್ದೂ ಅದೇ ಪಾಡು. ಮುಖಪುಟದಲ್ಲಿ ಮುನ್ನುಡಿ ಬರೆದವರ ಹೆಸರು ದಪ್ಪಕ್ಷರದಲ್ಲಿ, ಅನುವಾದ ಮಾಡಿದವರದು ಒಳಪುಟದ ಮೂಲೆಯಲ್ಲಿ ಇರುವೆಗಾತ್ರದಲ್ಲಿ. ಕರಡು ತಿದ್ದಿದವರದು ಎಲ್ಲೂ ಇಲ್ಲ. ತಪ್ಪು ಕಂಡ ಓದುಗ ಯಾರನ್ನು ಹಿಡಿದು ಕೇಳಬೇಕು? ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯ ಪ್ರತಿ ಲೇಖನದ ಕೊನೆಗೂ ಅನುವಾದಕರ, ಕರಡು ತಿದ್ದಿದವರ ಹೆಸರು ಲೇಖಕರಷ್ಟೇ ಗಾತ್ರದ ಅಕ್ಷರದಲ್ಲಿ ಇರುತ್ತದೆ. ಇದಕ್ಕಾಗಿ ಚಂದಾ ಏರಿಸುವುದಿಲ್ಲ, ಪುಟವನ್ನೂ ಇಳಿಸುವುದಿಲ್ಲ.

— ಸಂ.