ಆಂಪ್ ಆಯ್ತು, ಸ್ಪೀಕರ್ ಆಯ್ತು, ಈಗ ಡ್ಯಾಕ್ ಬದಲಿಸಲಾ?

ಎರಡು ವರ್ಷದಲ್ಲಿ ಆಂಪ್ (ಆಂಪ್ಲಿಫೈಯರ್) ಒಂದು ಸಲ, ಸ್ಪೀಕರ್ ಎರಡು ಸಲ ಬದಲಿಸಿದ್ದೀರಿ. ಆದರೂ ಹಾಡು ಕಿವಿಗೆ ಚುಚ್ಚುತ್ತದೆ, ಬೇಸ್ ಗುಂಯ್ ಅನ್ನುತ್ತದೆ, ಈಗ ಡ್ಯಾಕ್, ಅಂದರೆ ಡಿಜಿಟಲ್ ಹಾಡನ್ನು ಆಂಪ್‌ಗೆ ತಿಳಿಯುವ ಸಿಗ್ನಲ್ ಮಾಡುವ ಡಬ್ಬಿ, ಬದಲಿಸಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ನಾನೂ ಕಲಬುರಗಿಯವನೇ. ಆಂಪ್ ಬಂದ ಮೇಲೆ ಸ್ಪೀಕರ್ ಸಾಲದು ಅನಿಸಿತು, ಸ್ಪೀಕರ್ ಬಂದ ಮೇಲೆ ಕೇಬಲ್. ಪ್ರತಿ ಸಲವೂ ಇದೊಂದು ಬಂದರೆ ಮುಗೀತು ಅಂದುಕೊಂಡೆ.

ಒಂದು ಕೆಲಸ ಮಾಡಿ. ನೀವು ಕೂತು ಕೇಳುವ ಜಾಗದಲ್ಲಿ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಅದರ ಬಾಲಕ್ಕೆ ತಗಡು ಬಡಿದ ಹಾಗೆ 'ಟ್ರಿಂಗ್' ಅಂತ ಬಂತಾ? ನಮ್ಮೂರ ಮನೆಗಳಲ್ಲಿ ಬರದೇ ಇದ್ದರೆ ಆಶ್ಚರ್ಯ. ಕೆಳಗೆ ಶಹಾಬಾದ್ ಕಲ್ಲು, ಮೇಲೆ ಆರ್‌ಸಿಸಿ, ಸುತ್ತ ಬೋಳು ಗೋಡೆ. ಸ್ಪೀಕರ್‌ನಿಂದ ನೇರ ಬರುವ ದನಿಯ ಬೆನ್ನಿಗೇ ಕಲ್ಲಿಗೆ, ಗೋಡೆಗೆ ಬಡಿದ ದನಿಯೂ ಓಡಿ ಬರುತ್ತದೆ. ಕಿವಿಯಲ್ಲಿ ಎರಡೂ ಕಲಸಿಹೋಗುತ್ತವೆ. ಆ ಚುಚ್ಚು ಅಲ್ಲಿಂದ ಬರುತ್ತಿರುವುದೇ ಜಾಸ್ತಿ.

ನನಗೆ ಇದು ತಿಳಿದದ್ದು ಅಕಸ್ಮಾತ್. ಒಂದು ಮಳೆಗಾಲದಲ್ಲಿ ಅಮ್ಮ ಒಗೆದ ಎರಡು ಕೌದಿ ಒಣಗಲಿ ಅಂತ ನನ್ನ ರೂಮಿನಲ್ಲೇ ಹಗ್ಗ ಕಟ್ಟಿ ಹಾಕಿದ್ದಳು, ಗೋಡೆಯಿಂದ ನಾಲ್ಕು ಬೆರಳು ದೂರಕ್ಕೆ. ಹಳೆ ಸೀರೆ, ಧೋತರ ಪದರ ಪದರ ಇಟ್ಟು ಹೊಲಿದ, ಎತ್ತಿದರೆ ಕೈ ಜಗ್ಗುವಂಥ ಕೌದಿ. ಗೊಣಗುತ್ತಲೇ ಮನ್ಸೂರರ ವಚನ ಹಾಕಿದೆ. ತಂಬೂರಿ ಬೇರೆ, ಗಂಟಲು ಬೇರೆ ಕೇಳಿಸಿತು! 80 ಸಾವಿರ ಕೊಟ್ಟು ತಂದ ಆಂಪ್‌ನಿಂದ ಇಷ್ಟು ಫರಕ್ ಬಿದ್ದಿರಲಿಲ್ಲ.

ಹಾಗಾದರೆ ಆ ಆಂಪ್ ಹೈದರಾಬಾದಿನ ಅಂಗಡಿಯಲ್ಲಿ ಅಷ್ಟು ಚೆನ್ನಾಗಿ ಹೇಗೆ ಕೇಳಿಸಿತು? ಅಲ್ಲಿ ಕಾರ್ಪೆಟ್ ಇತ್ತು, ಗೋಡೆಗೆ ಫೋಮ್ ಇತ್ತು. ಬಹುಶಃ ದನಿಯೂ ಕೂದಲೆಳೆಯಷ್ಟು ಜೋರಿತ್ತು. ದನಿಯ ಜೋರು ಅಳೆಯುವ ಡೆಸಿಬಲ್ ಲೆಕ್ಕದಲ್ಲಿ ಅರ್ಧ ಜಾಸ್ತಿಯಾದರೆ ನಮಗೆ ಅದು ಜೋರು ಅನಿಸುವುದಿಲ್ಲ, 'ಸ್ವಚ್ಛ' ಅನಿಸುತ್ತದೆ. ಮನೆಯಲ್ಲಿ ಹಳೆಯ ಆಂಪ್ ಇನ್ನೂ ಇತ್ತು. 50 ಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು ಎರಡರ ವೋಲ್ಟೇಜ್ ಸಮ ಮಾಡಿದೆ, ಅಂದರೆ ಎರಡರ ಜೋರೂ ಸಮ. ತಮ್ಮನಿಗೆ ನನಗೆ ಕಾಣದ ಹಾಗೆ ವೈರ್ ಬದಲಿಸು ಅಂದೆ. ಯಾವುದು ಹೊಸದು ಅಂತ ಹತ್ತರಲ್ಲಿ ಐದು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ತಮ್ಮ ಇವತ್ತಿಗೂ ಅದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ.

ಬೇಸ್ ಮಾತ್ರ ಕೌದಿಗೆ ಬಗ್ಗುವುದಿಲ್ಲ. ನಿಮ್ಮ ರೂಮ್ 12 ಅಡಿ ಉದ್ದ ಅಂದಿದ್ದೀರಿ. ಆ ಅಳತೆಗೆ 47 ಹರ್ಟ್ಸ್ ಆಸುಪಾಸಿನ ಬೇಸ್ ದನಿ ಎದುರುಬದುರು ಗೋಡೆಗಳ ನಡುವೆ ಸಿಕ್ಕಿ ಉಬ್ಬುತ್ತದೆ. ಗೋಡೆಯ ಹತ್ತಿರವೇ ಅದು ಜಾಸ್ತಿ. ನೀವೋ ಸೋಫಾ ಗೋಡೆಗೆ ಒತ್ತಿ ಇಟ್ಟು ಕೂತಿದ್ದೀರಿ! ಮೂರು ನಾಲ್ಕು ಅಡಿ ಮುಂದೆ ಬನ್ನಿ. ಸ್ಪೀಕರ್‌ಗಳನ್ನೂ ಮೂಲೆಯಿಂದ ಈಚೆ ಎಳೆಯಿರಿ. ಪೈಸೆ ಖರ್ಚಿಲ್ಲ.

ಇನ್ನು ಡ್ಯಾಕ್. ಸಿಡಿಯಲ್ಲಿ ದನಿ ಬರೆದಿಡುವ 16 ಬಿಟ್ ಲೆಕ್ಕದಲ್ಲೇ ಮೆಲ್ಲನೆಯ ದನಿಗೂ ಜೋರು ದನಿಗೂ ನಡುವೆ ಸುಮಾರು 96 ಡೆಸಿಬಲ್ ಜಾಗ ಇದೆ. ಬೇಸಿಗೆಯಲ್ಲಿ ಕೂಲರ್ ಗರ್ರ್ ಅನ್ನುವಾಗ ನಮಗೆ ಅದರಲ್ಲಿ ಅರ್ಧ ದಕ್ಕಿದರೆ ದೊಡ್ಡದು. ಹೊಸ ಡ್ಯಾಕ್ ಇನ್ನೇನು ಕೊಟ್ಟೀತು? ವ್ಯಾಟ್ ಹುಚ್ಚೂ ಬೇಡ. 50ರಿಂದ 100 ವ್ಯಾಟ್‌ಗೆ ಹೋದರೆ ಸಿಗುವುದು 3 ಡೆಸಿಬಲ್. ಎರಡು ಪಟ್ಟು ಜೋರು ಅನಿಸಬೇಕಾದರೆ 500 ವ್ಯಾಟ್ ಹತ್ತಿರ ಬೇಕು. ಅಂದಹಾಗೆ, ಯಾರಾದರೂ ಕ್ಲಾಸ್ ಎ ಆಂಪ್ ತಗೊಳ್ಳಿ ಅಂದರೆ ಸುಮ್ನೆ ನಮ್ಮ ಮೇ ತಿಂಗಳು ನೆನಪಿಸಿಕೊಳ್ಳಿ. ಹಾಡು ಹಾಕದಿದ್ದರೂ ಅದು ಬಿಸಿಯಾಗುತ್ತಲೇ ಇರುತ್ತದೆ.

ನನ್ನ ಚಟ ಪೂರ್ತಿ ಬಿಟ್ಟಿದೆ ಅಂತ ಹೇಳಲಾರೆ. ಹೋದ ಡಿಸೆಂಬರ್‌ನಲ್ಲಿ ಅಮ್ಮ ಚಳಿ ಅಂತ ಎರಡೂ ಕೌದಿ ಎಳೆದುಕೊಂಡು ಹೋದಳು. 'ಟ್ರಿಂಗ್' ವಾಪಸ್ ಬಂತು. ಓಣಿಯಲ್ಲಿ ಕೌದಿ ಹೊಲಿಯುವ ಅಜ್ಜಿಗೆ ಹೊಸದು ಎರಡು ಹೇಳಿದೆ, ಎಷ್ಟು ದಪ್ಪ ಆದರೂ ಸರಿ ಅಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ್ಯಾಕ ಥಂಡಿ ಹತ್ತತದೋ ನಿನಗ?" ಅಂದಳು.