ಸ್ವಯಂಚಾಲಿತ ಕಾರಿನ ಚಾಲಕರ ಸೀಟಿನಲ್ಲಿ ಕುಳಿತವರು ಪರದೆಯಲ್ಲಿ ಸಿನಿಮಾ ನೋಡಬಹುದೇ?

ಕಾರು ಯಾವ ಹಂತದ್ದು ಎಂಬುದರ ಮೇಲೆ ಉತ್ತರ ನಿಂತಿದೆ. ಸ್ವಯಂಚಾಲನೆಯನ್ನು 0ರಿಂದ 5ರವರೆಗೆ ಆರು ಹಂತಗಳಲ್ಲಿ ಅಳೆಯುತ್ತಾರೆ. ಎರಡನೆಯ ಹಂತದಲ್ಲಿ ಕಾರು ತಾನೇ ಸ್ಟೀರಿಂಗ್ ತಿರುಗಿಸಿ ಬ್ರೇಕ್ ಹಾಕಿದರೂ ಕಾನೂನಿನ ಕಣ್ಣಿಗೆ ಚಾಲಕರು ನೀವೇ, ಆದ್ದರಿಂದ ಸಿನಿಮಾ ನೋಡುವಂತಿಲ್ಲ. ಜಾಹೀರಾತುಗಳ ಅಬ್ಬರದಲ್ಲಿ ಜನ ಮರೆಯುವುದು ಇದನ್ನೇ.

ಪರಿಸ್ಥಿತಿ ಬದಲಾಗುವುದು ಮೂರನೆಯ ಹಂತದಿಂದ: ಇಲ್ಲಿ ನಿಗದಿತ ಸನ್ನಿವೇಶಗಳಲ್ಲಿ ಕಾರೇ ಚಾಲನೆ ನಿರ್ವಹಿಸುತ್ತದೆ, ಅದು ಕರೆದಾಗ ನೀವು ವಹಿಸಿಕೊಳ್ಳಬೇಕು. ಆ ಬಗೆಯ ಕಾರುಗಳಿಗೆ ವಿಶ್ವಸಂಸ್ಥೆಯ 157ನೆಯ ನಿಯಮಾವಳಿ ಇದೆ. 2021ರಲ್ಲಿ ಜಾರಿಗೆ ಬಂದಾಗ ಗಂಟೆಗೆ 60 ಕಿ.ಮೀ. ಇದ್ದ ವೇಗಮಿತಿಯನ್ನು ನಂತರ 130ಕ್ಕೆ ಏರಿಸಲಾಯಿತು. ವ್ಯವಸ್ಥೆ ಚಾಲನೆಯಲ್ಲಿರುವಾಗ ಕಾರಿನದೇ ಪರದೆಯಲ್ಲಿ ಬೇರೇನನ್ನಾದರೂ ನೋಡಲು ಇದು ಎಡೆಕೊಡುತ್ತದೆ. ಆದರೆ ‘ಚಾಲನೆ ವಹಿಸಿಕೊಳ್ಳಿ’ ಎಂಬ ಸೂಚನೆ ಬಂದ ಕೂಡಲೇ ಆ ದೃಶ್ಯ ತಾನಾಗಿಯೇ ನಿಲ್ಲಬೇಕು. ಕೈಯಲ್ಲಿರುವ ಮೊಬೈಲನ್ನು ಕಾರು ಹೀಗೆ ನಿಲ್ಲಿಸಲಾರದು. ಬ್ರಿಟನ್ 2022ರಲ್ಲಿ ಕಾರಿನ ಪರದೆಗೆ ಒಪ್ಪಿ, ಮೊಬೈಲ್ ಮೇಲಿನ ನಿಷೇಧವನ್ನು ಹಾಗೇ ಉಳಿಸಿಕೊಂಡಿತು. ಜಪಾನ್ ಮಾತ್ರ 2020ರಲ್ಲೇ ಮೂರನೆಯ ಹಂತದಲ್ಲಿ ಮೊಬೈಲ್ ನೋಡಲೂ ಅವಕಾಶ ಕೊಟ್ಟಿದೆ. ನನಗೆ ಬ್ರಿಟನ್ನಿನ ದಾರಿಯೇ ಹೆಚ್ಚು ವಿವೇಕದ್ದೆನಿಸುತ್ತದೆ.

ನಿದ್ದೆಗೆ ಮೂರನೆಯ ಹಂತದಲ್ಲೂ ಅನುಮತಿಯಿಲ್ಲ. ಕರೆದಾಗ ನೀವು ಎಚ್ಚರವಿರಬೇಕು.